ಮಾಡಿದವರದೋ, ಮಾಡಿಸಿದವರದೋ? ಗುತ್ತಿಗೆ ಕೆಲಸದಲ್ಲಿ ಹುಟ್ಟುವ ಹಕ್ಕಿನ ಪ್ರಶ್ನೆ

ಬೆಂಗಳೂರಿನ ಸಣ್ಣ ಸ್ಟಾರ್ಟಪ್ ಒಂದಕ್ಕೆ ಹಣ ಹಾಕಲು ಯಾರಾದರೂ ಮುಂದೆ ಬಂದರೆ, ಅವರ ವಕೀಲರು ಕೇಳುವ ಮೊದಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: ಈ ಕೋಡ್ ಬರೆದವರು ಯಾರು, ಅವರಿಂದ ಬರೆಸಿಕೊಂಡ ಕಾಗದ ಎಲ್ಲಿದೆ? ಎಷ್ಟೋ ಕಡೆ ಇದಕ್ಕೆ ನೇರ ಉತ್ತರ ಇರುವುದಿಲ್ಲ. ಕಂಪನಿ ನೋಂದಣಿಯಾಗುವ ಮೊದಲೇ ಯಾರೋ ಪರಿಚಯದ ಹುಡುಗ ಮೊದಲ ಆವೃತ್ತಿ ಬರೆದುಕೊಟ್ಟಿರುತ್ತಾನೆ. ಆಪ್‌ನ ಚಿತ್ರ, ಲೋಗೋಗಳನ್ನು ಧಾರವಾಡದಲ್ಲೋ ಮಂಗಳೂರಿನಲ್ಲೋ ಕೂತ ಡಿಸೈನರ್ ಮಾಡಿಕೊಟ್ಟಿರುತ್ತಾರೆ. ಇಬ್ಬರಿಗೂ ಹಣ ಸಂದಾಯವಾಗಿರುತ್ತದೆ. ಇನ್‌ವಾಯ್ಸ್ ಇರುತ್ತದೆ, ಟಿಡಿಎಸ್ ಕಡಿತವಾಗಿರುತ್ತದೆ, ವಾಟ್ಸಾಪ್‌ನಲ್ಲಿ ಮಾತುಕತೆಯೂ ಇರುತ್ತದೆ. ಸಹಿ ಬಿದ್ದ ಕರಾರು ಮಾತ್ರ ಇರುವುದಿಲ್ಲ.

ದುಡ್ಡು ಕೊಟ್ಟ ಮೇಲೆ ವಸ್ತು ನಮ್ಮದೇ ತಾನೆ ಎಂಬ ನಂಬಿಕೆ ಎಲ್ಲರಲ್ಲೂ ಗಟ್ಟಿಯಾಗಿ ಕೂತಿದೆ. ಮನೆ ಕಟ್ಟಿದ ಮೇಸ್ತ್ರಿ ಕೂಲಿ ತೆಗೆದುಕೊಂಡು ಹೋದ ಮೇಲೆ ಗೋಡೆಯ ಮೇಲೆ ಹಕ್ಕು ಕೇಳುತ್ತಾನೆಯೇ? ಇಲ್ಲ. ಆದರೆ ಕೋಡ್, ಚಿತ್ರ, ಲೇಖನ, ವಿನ್ಯಾಸ, ಆವಿಷ್ಕಾರಗಳಿಗೆ ಭಾರತದ ಕಾನೂನು ಗೋಡೆಯ ಲೆಕ್ಕ ಹಾಕುವುದಿಲ್ಲ. ಅಲ್ಲಿ ಅದು ಮೊದಲು ನೋಡುವುದು ಮಾಡಿದವರ ಮುಖವನ್ನು. ಹಣ ಕೊಟ್ಟವರ ಕಡೆಗೆ ತಿರುಗುವುದು ಕೆಲವೇ ಸಂದರ್ಭಗಳಲ್ಲಿ.

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಈ ಎಲ್ಲದರ ಬೇರು. ಕೃತಿಯನ್ನು ರಚಿಸಿದವರೇ ಅದರ ಮೊದಲ ಒಡೆಯರು ಎಂದು ಆ ಕಲಂ ಶುರುವಾಗುತ್ತದೆ. ಆಮೇಲೆ ವಿನಾಯಿತಿಗಳು ಬರುತ್ತವೆ. ಅವುಗಳಲ್ಲಿ ಮುಖ್ಯವಾದದ್ದು, ಸೇವಾ ಕರಾರಿನ ಅಡಿಯಲ್ಲಿ ಅಥವಾ ಅಪ್ರೆಂಟಿಸ್ ಆಗಿ ಕೆಲಸದ ಭಾಗವಾಗಿ ರಚಿಸಿದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಉದ್ಯೋಗದಾತರಿಗೆ ಸೇರುತ್ತದೆ ಎಂಬುದು. ಕಂಪ್ಯೂಟರ್ ಪ್ರೋಗ್ರಾಂ ಈ ಕಾಯ್ದೆಯ ಕಣ್ಣಿನಲ್ಲಿ ಸಾಹಿತ್ಯ ಕೃತಿಯೇ. ಹಾಗಾಗಿ ಸಂಬಳಕ್ಕಿರುವ ಎಂಜಿನಿಯರ್ ಕೆಲಸದ ಭಾಗವಾಗಿ ಬರೆದ ಕೋಡ್ ಹುಟ್ಟುವಾಗಲೇ ಕಂಪನಿಯದು. ಬೇರೆ ಕಾಗದ ಬೇಕಿಲ್ಲ. ಅದೇ ಕೆಲಸವನ್ನು ಫ್ರೀಲ್ಯಾನ್ಸರ್ ಮಾಡಿಕೊಟ್ಟರೆ ಕೋಡ್ ಹುಟ್ಟುವಾಗ ಅವರದು. ಬರವಣಿಗೆಯಲ್ಲಿ ವರ್ಗಾವಣೆಯಾಗುವ ತನಕ ಅವರದೇ. ಹಣ ಕೊಟ್ಟ ಕಂಪನಿಗೆ ಅದನ್ನು ಬಳಸುವ ಅನುಮತಿ ಇದೆ ಎಂದು ವಾದಿಸಬಹುದು. ಆದರೆ ಬಳಸುವ ಅನುಮತಿ ಬೇರೆ, ಒಡೆತನ ಬೇರೆ. ಅನುಮತಿ ಇಟ್ಟುಕೊಂಡು ಕಂಪನಿಯನ್ನು ಮಾರಲು ಹೊರಟವರಿಗೆ ಈ ವ್ಯತ್ಯಾಸ ಚೆನ್ನಾಗಿ ಅರ್ಥವಾಗುತ್ತದೆ.

ಹಾಗಾದರೆ ಯಾರು ನೌಕರ, ಯಾರು ಗುತ್ತಿಗೆಯವರು? ಕಾಗದದಲ್ಲಿ ‘ಕನ್ಸಲ್ಟೆಂಟ್’ ಎಂದು ಬರೆದ ಮಾತ್ರಕ್ಕೆ ಅದು ತೀರ್ಮಾನವಾಗುವುದಿಲ್ಲ. 1956ರಲ್ಲಿ ಧ್ರಾಂಗಧ್ರ ಕೆಮಿಕಲ್ ವರ್ಕ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಉಪ್ಪಿನ ಗದ್ದೆಗಳಲ್ಲಿ ದುಡಿಯುತ್ತಿದ್ದ ಅಗರಿಯಾಗಳ ಬಗ್ಗೆ ಇದೇ ಪ್ರಶ್ನೆ ಎತ್ತಿಕೊಂಡಿತು. ಏನು ಮಾಡಬೇಕು ಎಂಬುದರ ಜೊತೆಗೆ ಹೇಗೆ ಮಾಡಬೇಕು ಎಂದು ಹೇಳುವ ಅಧಿಕಾರವೂ ಮಾಲೀಕರಿಗೆ ಇದೆಯೇ ಎಂದು ನೋಡಿ, ಅವರನ್ನು ಕೆಲಸಗಾರರೆಂದೇ ಒಪ್ಪಿತು. ಕಾಲ ಕಳೆದಂತೆ ಈ ಅಳತೆಗೋಲಿಗೆ ಇನ್ನಷ್ಟು ಸೇರಿದವು. ಉಪಕರಣ ಯಾರದು, ನಷ್ಟವಾದರೆ ಯಾರ ತಲೆಗೆ, ಬೇರೆಯವರ ಕೆಲಸ ಮಾಡುವ ಸ್ವಾತಂತ್ರ್ಯ ಇದೆಯೇ, ಆ ವ್ಯಕ್ತಿ ಸಂಸ್ಥೆಯ ಒಳಗಿನವರೋ ಹೊರಗಿನವರೋ ಎಂಬುದನ್ನೆಲ್ಲ ಒಟ್ಟಿಗೆ ಇಟ್ಟು ತೂಗುತ್ತಾರೆ. 1952ರಲ್ಲಿ ಇಂಗ್ಲೆಂಡಿನ ಒಂದು ಪುಸ್ತಕದ ವ್ಯಾಜ್ಯದಲ್ಲಿ ಈ ಒಳಗು ಹೊರಗಿನ ಪರೀಕ್ಷೆಯನ್ನು ಮುಂದಿಟ್ಟವರು ನ್ಯಾಯಮೂರ್ತಿ ಡೆನಿಂಗ್. ಅಲ್ಲಿ ಒಂದೇ ಪುಸ್ತಕದ ಒಂದು ಭಾಗ ಕಂಪನಿಯ ಪಾಲಾಯಿತು, ನೌಕರ ಕೊಟ್ಟ ಉಪನ್ಯಾಸಗಳಿಂದ ಬಂದ ಭಾಗ ಅವನ ಪಾಲಿಗೇ ಉಳಿಯಿತು.

ಇಲ್ಲಿ ನನಗೆ ಅನ್ಯಾಯವಾಗಿ ಕಾಣುವ ಒಂದು ರೂಢಿಯ ಬಗ್ಗೆ ಹೇಳಲೇಬೇಕು. ಪಿಎಫ್, ಇಎಸ್‌ಐ, ಗ್ರಾಚ್ಯುಟಿ ಉಳಿಸಲು ಕಂಪನಿಗಳು ಪೂರ್ಣಾವಧಿ ಕೆಲಸದವರನ್ನೇ ‘ಕನ್ಸಲ್ಟೆಂಟ್’ ಎಂದು ಕರೆಯುತ್ತವೆ. ಬೆಳಿಗ್ಗೆ ಹತ್ತಕ್ಕೆ ಬರಬೇಕು, ರಜೆಗೆ ಮ್ಯಾನೇಜರ್ ಒಪ್ಪಬೇಕು, ಬೇರೆ ಕೆಲಸ ಹಿಡಿಯುವಂತಿಲ್ಲ. ಆದರೂ ಅವರು ನೌಕರರಲ್ಲ. ಅದೇ ವ್ಯಕ್ತಿ ಬರೆದ ಕೋಡ್ ವಿಷಯ ಬಂದಾಗ ಮಾತ್ರ ನಮ್ಮ ಕೆಲಸದವರು ಬರೆದದ್ದು, ಆದ್ದರಿಂದ ನಮ್ಮದು ಎಂಬ ವಾದ ಏಳುತ್ತದೆ. ಎರಡೂ ಒಟ್ಟಿಗೆ ನಡೆಯಬಾರದು. ನೌಕರರೆಂದು ಒಪ್ಪಿ 17ನೇ ಕಲಮಿನ ಲಾಭ ಪಡೆಯುವವರು ಪಿಎಫ್ ಕಟ್ಟಬೇಕು. ನೌಕರರಲ್ಲ ಎನ್ನುವವರು ಹಕ್ಕನ್ನು ಬೆಲೆ ಕೊಟ್ಟು ಬರೆಸಿಕೊಳ್ಳಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕೆಲಸಗಾರರನ್ನು ಸಾಂಪ್ರದಾಯಿಕ ಮಾಲೀಕ ನೌಕರ ಸಂಬಂಧದ ಹೊರಗೆ ದುಡಿಯುವವರು ಎಂದು ಗುರುತಿಸಿದೆ. ಆ ಮಾತನ್ನು ಅಕ್ಷರಶಃ ತೆಗೆದುಕೊಂಡರೆ ಅವರು ರಚಿಸಿದ್ದು ಅವರದೇ ಆಗಬೇಕು. ವೇದಿಕೆಗಳ ಮೂಲಕ ಅನುವಾದ, ಧ್ವನಿ, ಚಿತ್ರ ಒದಗಿಸುವ ಸಾವಿರಾರು ಕನ್ನಡಿಗರಿಗೆ ಇದು ದೂರದ ವಿಷಯವಲ್ಲ.

ಬರೆಸಿಕೊಳ್ಳುವುದು ಎಂದರೆ ಏನು ಎಂಬುದನ್ನು ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಹೇಳುತ್ತದೆ. ವರ್ಗಾವಣೆ ಬರವಣಿಗೆಯಲ್ಲಿರಬೇಕು, ಕೊಡುವವರ ಅಥವಾ ಅವರಿಂದ ಅಧಿಕಾರ ಪಡೆದವರ ಸಹಿ ಇರಬೇಕು. ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಹಣ ಅಥವಾ ರಾಯಧನ ಎಂಬುದು ಅದರಲ್ಲಿ ಬರಬೇಕು. ಕಾಲ ಬರೆಯದಿದ್ದರೆ 5 ವರ್ಷ ಎಂದು, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾನೂನೇ ತುಂಬಿಕೊಳ್ಳುತ್ತದೆ. ವರ್ಗಾವಣೆಯಾದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತು ಬರೆದಿರದಿದ್ದರೆ, ಅದು ತಪ್ಪಿಹೋಗುತ್ತದೆ.

ಈ 5 ವರ್ಷದ ಸಾಲು ಬರೀ ಪುಸ್ತಕದ ಮಾತಲ್ಲ ಎಂದು ತೋರಿಸಿದ್ದು ಪೈನ್ ಲ್ಯಾಬ್ಸ್ ಮತ್ತು ಜೆಮಾಲ್ಟೊ ಟರ್ಮಿನಲ್ಸ್ ನಡುವಿನ ವ್ಯಾಜ್ಯ. ಇಂಡಿಯನ್ ಆಯಿಲ್‌ನ ಫ್ಲೀಟ್ ಕಾರ್ಡ್ ಯೋಜನೆಗಾಗಿ ಜೆಮಾಲ್ಟೊ ಪರವಾಗಿ ಪೈನ್ ಲ್ಯಾಬ್ಸ್ ಸಾಫ್ಟ್‌ವೇರ್ ಬರೆದುಕೊಟ್ಟಿತ್ತು. 2004ರ ಕರಾರಿನಲ್ಲಿ ಕೃತಿಸ್ವಾಮ್ಯವನ್ನು ವರ್ಗಾಯಿಸುವ ಮಾತಿತ್ತು, ಆದರೆ ಎಷ್ಟು ಕಾಲಕ್ಕೆ ಎಂದಿರಲಿಲ್ಲ, ಎಲ್ಲೆಲ್ಲಿಗೆ ಎಂದೂ ಇರಲಿಲ್ಲ. ಬರೆಸಿಕೊಂಡವರ ವಾದ ಸರಳವಾಗಿತ್ತು: ನಾವು ಹಣ ಕೊಟ್ಟು ಮಾಡಿಸಿದ್ದು, ಉದ್ದೇಶವೂ ಪೂರ್ತಿ ಕೊಡುವುದೇ ಆಗಿತ್ತು. ದೆಹಲಿ ಹೈಕೋರ್ಟ್‌ನ ವಿಭಾಗೀಯ ಪೀಠ 2011ರಲ್ಲಿ ಈ ವಾದವನ್ನು ಒಪ್ಪಲಿಲ್ಲ. ಕಾಲ ಬರೆದಿಲ್ಲವಾದರೆ 5 ವರ್ಷ. ಅದು ಮುಗಿದ ಮೇಲೆ ಹಕ್ಕು ಬರೆದುಕೊಟ್ಟವರಿಗೇ ಮರಳುತ್ತದೆ ಎಂದಿತು. ಎರಡೂ ಕಡೆ ವಕೀಲರಿದ್ದ, ವ್ಯವಹಾರ ಗೊತ್ತಿದ್ದ ಕಂಪನಿಗಳ ನಡುವಿನ ಕರಾರೇ ಹೀಗಾದರೆ, ಅಂತರ್ಜಾಲದಿಂದ ಇಳಿಸಿಕೊಂಡ ಅಮೆರಿಕದ ನಮೂನೆಗೆ ಹೆಸರು ತುಂಬಿ ಸಹಿ ಹಾಕಿಸುವ ನಮ್ಮ ಸಣ್ಣ ಉದ್ದಿಮೆಗಳ ಪಾಡೇನು? ಆ ನಮೂನೆಗಳು ಬೇರೆ ಕಾನೂನಿಗಾಗಿ ಬರೆದವು. ಅವುಗಳಲ್ಲಿ ನಮ್ಮ 19ನೇ ಕಲಮಿನ ನೆನಪು ಇರುವುದಿಲ್ಲ. ‘ಶಾಶ್ವತವಾಗಿ’, ‘ಜಗತ್ತಿನಾದ್ಯಂತ’ ಎಂಬ ಎರಡು ಮಾತು ಸೇರಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಗುತ್ತದೆ.

ಕೃತಿಸ್ವಾಮ್ಯದ ಆಚೆಗೆ ಕಾಲಿಟ್ಟರೆ ಗೋಜಲು ಹೆಚ್ಚುತ್ತದೆ. ಪೀಣ್ಯದ ಒಬ್ಬ ಸಣ್ಣ ಉದ್ಯಮಿ ನೀರಿನ ಪಂಪ್‌ಗೆ ಹೊಸ ಬಗೆಯ ಕಂಟ್ರೋಲರ್ ಬೇಕೆಂದು ಹೊರಗಿನ ಎಂಜಿನಿಯರ್ ಒಬ್ಬರಿಗೆ ಒಂದೇ ಮೊತ್ತಕ್ಕೆ ಕೆಲಸ ಒಪ್ಪಿಸಿದರು ಎಂದುಕೊಳ್ಳೋಣ. ಅವರು ಒಳಗಿನ ಪ್ರೋಗ್ರಾಂ ಬರೆದರು, ಮೋಟಾರ್ ಸುಡದಂತೆ ತಡೆಯುವ ಹೊಸ ವಿಧಾನವೊಂದನ್ನು ಕಂಡುಕೊಂಡರು, ಹೊರಗಿನ ಪೆಟ್ಟಿಗೆಗೆ ಚಂದದ ಆಕಾರವನ್ನೂ ಕೊಟ್ಟರು. ಒಂದೇ ಡಬ್ಬಿ, ಒಂದೇ ಬಿಲ್ಲು. ಕರಾರು ಬರೆದಿಲ್ಲ. ಪ್ರೋಗ್ರಾಂ ಎಂಜಿನಿಯರ್‌ದು, ಏಕೆಂದರೆ ಅವರು ನೌಕರರಲ್ಲ. ಹೊಸ ವಿಧಾನದ ಮೇಲೆ ಪೇಟೆಂಟ್ ಕೇಳುವ ಹಕ್ಕೂ ಅವರದೇ, ಏಕೆಂದರೆ 1970ರ ಪೇಟೆಂಟ್ ಕಾಯ್ದೆಯ 6ನೇ ಕಲಂ ಅರ್ಜಿ ಹಾಕುವ ಅಧಿಕಾರವನ್ನು ನಿಜವಾದ ಮೊದಲ ಆವಿಷ್ಕಾರಕರಿಗೆ ಅಥವಾ ಅವರಿಂದ ಬರೆಸಿಕೊಂಡವರಿಗೆ ಕೊಡುತ್ತದೆ. ಆದರೆ ಪೆಟ್ಟಿಗೆಯ ಆಕಾರ ಉದ್ಯಮಿಯದು! 2000ದ ವಿನ್ಯಾಸ ಕಾಯ್ದೆ ತದ್ವಿರುದ್ಧ ದಾರಿ ಹಿಡಿದಿದೆ. ಪ್ರತಿಫಲ ಪಡೆದು ಬೇರೆಯವರಿಗಾಗಿ ವಿನ್ಯಾಸ ಮಾಡಿಕೊಟ್ಟರೆ, ಯಾರಿಗಾಗಿ ಮಾಡಿದರೋ ಅವರೇ ಅದರ ಒಡೆಯರು ಎನ್ನುತ್ತದೆ.

ಪೇಟೆಂಟ್ ಕಾಯ್ದೆಯಲ್ಲಿ ಇನ್ನೊಂದು ಮೌನವಿದೆ. ಸಂಬಳದ ನೌಕರ ಕಂಡುಹಿಡಿದದ್ದು ಕಂಪನಿಗೆ ಸೇರುತ್ತದೆ ಎಂದು ನೇರವಾಗಿ ಹೇಳುವ ಕಲಂ ಅದರಲ್ಲಿ ಇಲ್ಲವೇ ಇಲ್ಲ. ಕೃತಿಸ್ವಾಮ್ಯದಲ್ಲಿ ನೌಕರ, ಗುತ್ತಿಗೆಯವರ ನಡುವೆ ಇರುವ ಗೆರೆ ಇಲ್ಲಿ ಕಾಯ್ದೆಯ ಅಕ್ಷರದಲ್ಲಿ ಕಾಣುವುದಿಲ್ಲ. ಬ್ರಿಟನ್ ತನ್ನ 1977ರ ಕಾಯ್ದೆಯಲ್ಲಿ ಇದನ್ನು ಬಿಡಿಸಿ ಬರೆಯಿತು, ಜರ್ಮನಿ 1957ರಲ್ಲೇ ನೌಕರರ ಆವಿಷ್ಕಾರಗಳಿಗೆ ಪ್ರತ್ಯೇಕ ಕಾನೂನು ಮಾಡಿತು. ನಮ್ಮಲ್ಲಿ ಎಲ್ಲವೂ ನೇಮಕಾತಿ ಪತ್ರದ ಮಾತುಗಳ ಮೇಲೆ ನಿಂತಿದೆ. ಆ ಪತ್ರವನ್ನು ಬರೆಯುವವರು ಯಾವಾಗಲೂ ಕಂಪನಿಯವರೇ.

ಅಲ್ಲಿಂದ ನೌಕರರ ಸಂಕಟ ಶುರು. ಇಂದಿನ ಎಷ್ಟೋ ಆಫರ್ ಲೆಟರ್‌ಗಳಲ್ಲಿ ಹೀಗೊಂದು ಪರಿಚ್ಛೇದ ಇರುತ್ತದೆ: ಕೆಲಸದಲ್ಲಿರುವಷ್ಟು ಕಾಲ ನೀವು ರಚಿಸುವ, ಯೋಚಿಸುವ, ಕಂಡುಹಿಡಿಯುವ ಎಲ್ಲವೂ, ಕೆಲಸದ ವೇಳೆಯಲ್ಲಾಗಲಿ ಆಚೆಗಾಗಲಿ, ಕಂಪನಿಗೆ ಸೇರಿದ್ದು. ಕೆಲವು ಕಡೆ ಕೆಲಸ ಬಿಟ್ಟ ಮೇಲೂ ಆರು ತಿಂಗಳೋ ಒಂದು ವರ್ಷವೋ ಈ ಬಲೆ ಹರಡಿರುತ್ತದೆ. ಹೊಸದಾಗಿ ಕಾಲೇಜು ಮುಗಿಸಿದ ಹುಡುಗಿ ಇದನ್ನು ಓದುವುದಿಲ್ಲ; ಓದಿದರೂ ಬದಲಿಸಿ ಎಂದು ಕೇಳುವ ಧೈರ್ಯ ಬರುವುದಿಲ್ಲ. ಕೃತಿಸ್ವಾಮ್ಯ ಕಾಯ್ದೆ ಕಂಪನಿಗೆ ಕೊಡುವುದು ಕೆಲಸದ ಭಾಗವಾಗಿ ರಚಿಸಿದ್ದನ್ನು ಮಾತ್ರ. ಬ್ಯಾಂಕಿಂಗ್ ಸಾಫ್ಟ್‌ವೇರ್ ಪರೀಕ್ಷಿಸುವವಳು ರಾತ್ರಿ ಕೂತು ಸ್ವಂತ ಲ್ಯಾಪ್‌ಟಾಪಿನಲ್ಲಿ ಬರೆದ ಕನ್ನಡ ಕಲಿಕೆಯ ಆಪ್ ಕಾಯ್ದೆಯ ಪ್ರಕಾರ ಅವಳದು. ಕರಾರು ಅದನ್ನೂ ಬಾಚಿಕೊಳ್ಳಲು ನೋಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಬಾಚುವಿಕೆಗೆ ಅಲ್ಲಿನ ಕಾರ್ಮಿಕ ಕಾನೂನಿನ 2870ನೇ ಕಲಂ ಅಡ್ಡ ನಿಲ್ಲುತ್ತದೆ: ಸ್ವಂತ ವೇಳೆಯಲ್ಲಿ, ಕಂಪನಿಯ ಸಲಕರಣೆ ಮುಟ್ಟದೆ, ಕಂಪನಿಯ ವ್ಯವಹಾರಕ್ಕೆ ಸಂಬಂಧಪಡದ ಆವಿಷ್ಕಾರವನ್ನು ಬರೆದುಕೊಡುವಂತೆ ಕೇಳುವ ಷರತ್ತು ಅಲ್ಲಿ ಊರ್ಜಿತವಾಗದು. ಅದೇ ಕ್ಯಾಲಿಫೋರ್ನಿಯಾದ ಕಂಪನಿ ಬೆಂಗಳೂರಿನ ಶಾಖೆಯ ನೌಕರರಿಂದ ಆ ರಕ್ಷಣೆಯಿಲ್ಲದೆ ಸಹಿ ಹಾಕಿಸಿಕೊಳ್ಳಬಹುದು. ಕರ್ನಾಟಕಕ್ಕೆ ಇಂಥದ್ದೊಂದು ಕಲಂ ಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಐಟಿಯಿಂದ ಇಷ್ಟು ಹೆಸರು ಮಾಡಿದ ರಾಜ್ಯ ಅದನ್ನು ಕಟ್ಟಿದವರ ರಾತ್ರಿಗಳನ್ನಾದರೂ ಕಾಯಬೇಕು.

ಕೆಲಸ ಬಿಟ್ಟ ನಂತರದ ಷರತ್ತುಗಳಿಗೆ ನಮ್ಮಲ್ಲಿ ಸ್ವಲ್ಪ ತಡೆ ಇದೆ. 1872ರ ಕರಾರು ಕಾಯ್ದೆಯ 27ನೇ ಕಲಂ ಉದ್ಯೋಗ, ವ್ಯಾಪಾರಗಳನ್ನು ತಡೆಯುವ ಒಪ್ಪಂದಗಳನ್ನು ಅನೂರ್ಜಿತ ಎನ್ನುತ್ತದೆ. ಕೆಲಸದಲ್ಲಿರುವಾಗಿನ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 1967ರ ಗೋಲಿಕಾರಿ ಮೊಕದ್ದಮೆಯಲ್ಲಿ ಎತ್ತಿಹಿಡಿದಿತ್ತು. ಬಿಟ್ಟ ಮೇಲಿನ ನಿರ್ಬಂಧವನ್ನು 1980ರ ಕೃಷ್ಣ ಮುರ್ಗಾಯಿ ಮೊಕದ್ದಮೆಯಲ್ಲಿ ಜಾರಿಗೊಳಿಸಲು ಒಪ್ಪಲಿಲ್ಲ. ಕಂಪನಿಯ ಗುಟ್ಟುಗಳನ್ನು ಹೊತ್ತುಕೊಂಡು ಹೋಗಲು ಇದು ಪರವಾನಗಿ ಅಲ್ಲ ಎಂಬುದೂ ನೆನಪಿರಲಿ.

ದೊಡ್ಡ ಆವಿಷ್ಕಾರವಾದಾಗ ನೌಕರರಿಗೆ ಸಂಬಳ ಬಿಟ್ಟು ಏನಾದರೂ ಸಿಗಬೇಕೇ? ಜಪಾನಿನ ನಿಚಿಯಾ ಕಂಪನಿಯಲ್ಲಿದ್ದಾಗ ನೀಲಿ ಎಲ್‌ಇಡಿಗೆ ದಾರಿ ಮಾಡಿದ ಶುಜಿ ನಾಕಮುರಾ ಅವರಿಗೆ ಸಿಕ್ಕಿದ್ದ ಬಹುಮಾನ 20,000 ಯೆನ್. ಅವರು ಕೋರ್ಟಿಗೆ ಹೋದರು. ಟೋಕಿಯೋ ಜಿಲ್ಲಾ ನ್ಯಾಯಾಲಯ 2004ರಲ್ಲಿ 2,000 ಕೋಟಿ ಯೆನ್ ಕೊಡಿ ಎಂದಿತು. ಮೇಲ್ಮನವಿಯ ಹಂತದಲ್ಲಿ, 2005ರಲ್ಲಿ, ಸುಮಾರು 84 ಕೋಟಿ ಯೆನ್‌ಗೆ ರಾಜಿಯಾಯಿತು. 2014ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು. ಬ್ರಿಟನ್ನಿನಲ್ಲಿ ಯೂನಿಲಿವರ್ ನೌಕರರಾಗಿದ್ದ ಇಯಾನ್ ಶಾಂಕ್ಸ್ 1982ರಲ್ಲಿ ರಕ್ತದ ಸಕ್ಕರೆ ಅಳೆಯುವ ತಂತ್ರವೊಂದನ್ನು ರೂಪಿಸಿದ್ದರು. ಅಲ್ಲಿನ ಸುಪ್ರೀಂ ಕೋರ್ಟ್ 2019ರಲ್ಲಿ ಅವರಿಗೆ 20 ಲಕ್ಷ ಪೌಂಡ್ ಪರಿಹಾರ ಕೊಡಿಸಿತು. ಆ ಎರಡೂ ದೇಶಗಳ ಪೇಟೆಂಟ್ ಕಾಯ್ದೆಗಳಲ್ಲಿ ನೌಕರರ ಪ್ರತಿಫಲಕ್ಕೆ ಜಾಗ ಇತ್ತು, ಆದ್ದರಿಂದ ಕೇಳಲು ಸಾಧ್ಯವಾಯಿತು. ನಮ್ಮ ಪೇಟೆಂಟ್ ಕಾಯ್ದೆಯಲ್ಲಿ ಅಂಥ ಕಲಂ ಇಲ್ಲ. ಇಲ್ಲಿನ ಪ್ರಯೋಗಾಲಯಗಳಲ್ಲಿ ದುಡಿಯುವವರಿಗೆ ಸಿಗುವುದು ಕಂಪನಿಯ ಒಳನಿಯಮ ಎಷ್ಟು ಕೊಟ್ಟರೆ ಅಷ್ಟು.

ಬರವಣಿಗೆ, ಚಿತ್ರದ ಲೋಕಕ್ಕೆ ಬಂದರೆ 17ನೇ ಕಲಮಿನಲ್ಲಿ ಹಲವರು ಗಮನಿಸದ ಮೂಲೆಗಳಿವೆ. ಪತ್ರಿಕೆಯ ಸಂಬಳದಲ್ಲಿರುವ ಉಪಸಂಪಾದಕರು ಬರೆದ ಅಂಕಣವನ್ನು ಪತ್ರಿಕೆ, ನಿಯತಕಾಲಿಕಗಳಲ್ಲಿ ಪ್ರಕಟಿಸುವ ಹಕ್ಕು ಮಾತ್ರ ಪತ್ರಿಕೆಯ ಒಡೆಯರದು. ಅವೇ ಅಂಕಣಗಳನ್ನು ಪುಸ್ತಕ ಮಾಡುವ ಹಕ್ಕು, ಬೇರೆ ಕರಾರಿಲ್ಲದಿದ್ದರೆ, ಬರೆದವರಲ್ಲೇ ಉಳಿಯುತ್ತದೆ. ಹೊರಗಿನಿಂದ ಬರೆಯುವ ಅಂಕಣಕಾರರ ಹಕ್ಕಂತೂ ಪೂರ್ತಿ ಅವರದು. ಕನ್ನಡದಲ್ಲಿ ಅಂಕಣ ಬರಹಗಳ ಸಂಕಲನ ಎಷ್ಟು ಬರುತ್ತವೆ ಎಂದು ನೆನೆದರೆ ಈ ಸಾಲಿನ ತೂಕ ತಿಳಿಯುತ್ತದೆ. ಫೋಟೋದ ಕತೆ ಉಲ್ಟಾ. ಹಣ ಕೊಟ್ಟು ಫೋಟೋ ತೆಗೆಸಿದರೆ, ಅಥವಾ ಪೇಂಟಿಂಗ್, ಭಾವಚಿತ್ರ ಬರೆಸಿದರೆ, ಬೇರೆ ಒಪ್ಪಂದವಿಲ್ಲದಿದ್ದಾಗ ಮೊದಲ ಒಡೆಯರು ತೆಗೆಸಿದವರು, ಬರೆಸಿದವರು. ಮದುವೆಯ ಫೋಟೋಗ್ರಾಫರ್ ತನ್ನ ಜಾಹೀರಾತಿಗೆ ವಧೂವರರ ಚಿತ್ರ ಹಾಕಿಕೊಳ್ಳಬೇಕಾದರೆ ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು. ಸಿನಿಮಾದ ಹಾಡುಗಳ ವಿಷಯದಲ್ಲಿ 1977ರ ಸುಪ್ರೀಂ ಕೋರ್ಟ್ ತೀರ್ಪು ನಿರ್ಮಾಪಕರ ಕೈ ಮೇಲು ಮಾಡಿತ್ತು. ಗೀತರಚನೆಕಾರರು, ಸಂಗೀತಗಾರರು ದಶಕಗಳ ಕಾಲ ದನಿ ಎತ್ತಿದ ಮೇಲೆ 2012ರ ತಿದ್ದುಪಡಿ ಅವರ ರಾಯಧನದ ಪಾಲನ್ನು ಕಾಯ್ದೆಯಲ್ಲೇ ಭದ್ರಪಡಿಸಿತು.

ಕೆಲಸಕ್ಕೆ ಸೇರುವ ಮೊದಲೇ ಕೈಯಲ್ಲಿದ್ದದ್ದು ಏನಾಗುತ್ತದೆ ಎಂಬುದಕ್ಕೆ ನೆರೆಯ ಕೇರಳದ ಒಂದು ತೀರ್ಪು ಓದಬೇಕು. ವ್ಯಂಗ್ಯಚಿತ್ರಕಾರ ಟಾಮ್ಸ್ ಅವರ ‘ಬೋಬನುಂ ಮೋಳಿಯುಂ’ ಮಲಯಾಳಿಗರ ಮನೆಮಾತು. 1987ರಲ್ಲಿ ಅವರು ಮಲಯಾಳ ಮನೋರಮಾ ಬಿಟ್ಟು ಅವೇ ಪಾತ್ರಗಳನ್ನು ಬೇರೆ ಕಡೆ ಬರೆಯಹೊರಟಾಗ ಪತ್ರಿಕೆ ಕೋರ್ಟಿಗೆ ಹೋಯಿತು. ಕೇರಳ ಹೈಕೋರ್ಟ್ 1988ರಲ್ಲಿ ಎರಡನ್ನೂ ಬಿಡಿಸಿ ನೋಡಿತು. ನೌಕರಿಯಲ್ಲಿದ್ದಾಗ ಬರೆದುಕೊಟ್ಟ ಚಿತ್ರಗಳು ಪತ್ರಿಕೆಯವು. ಪಾತ್ರಗಳು ಮಾತ್ರ ನೌಕರಿಗೆ ಮೊದಲೇ ಟಾಮ್ಸ್ ಕೈಯಲ್ಲಿ ಹುಟ್ಟಿದವು; ಅವನ್ನು ಮುಂದೆ ಬರೆಯದಂತೆ ಅವರನ್ನು ತಡೆಯಲಾಗದು. ಸ್ವಂತ ಕೋಡ್ ಲೈಬ್ರರಿ, ಸ್ವಂತ ಫಾಂಟ್, ಸ್ವಂತ ಪಾತ್ರ ಇಟ್ಟುಕೊಂಡು ಕೆಲಸಕ್ಕೆ ಸೇರುವ ಪ್ರತಿಯೊಬ್ಬರೂ ಸೇರುವ ದಿನವೇ ಅದರ ಪಟ್ಟಿ ಮಾಡಿ ಕರಾರಿಗೆ ಲಗತ್ತಿಸಬೇಕು.

ಅಮೆರಿಕದ ಗ್ರಾಹಕರಿಗೆ ಕೆಲಸ ಮಾಡುವ ನಮ್ಮ ಫ್ರೀಲ್ಯಾನ್ಸರ್‌ಗಳ ಕರಾರಿನಲ್ಲಿ ‘ವರ್ಕ್ ಮೇಡ್ ಫಾರ್ ಹೈರ್’ ಎಂಬ ಸಾಲು, ಅಂದರೆ ಕೃತಿ ಹುಟ್ಟುವಾಗಲೇ ಮಾಡಿಸಿದವರದು ಎನ್ನುವ ಸಾಲು, ಇದ್ದೇ ಇರುತ್ತದೆ. ಅಲ್ಲಿನ ಕಾನೂನಿನಲ್ಲಿ ಹೊರಗಿನವರು ಮಾಡಿದ್ದಕ್ಕೆ ಇದು ಅನ್ವಯಿಸುವುದು ಅನುವಾದ, ಸಂಕಲನ, ಪಠ್ಯ, ಪ್ರಶ್ನೆಪತ್ರಿಕೆ, ಸಿನಿಮಾದ ಭಾಗ ಎಂಬಂಥ ಒಂಬತ್ತು ಬಗೆಗಳಿಗೆ, ಅದೂ ಇಬ್ಬರೂ ಬರವಣಿಗೆಯಲ್ಲಿ ಒಪ್ಪಿದ್ದರೆ. ಸಾಫ್ಟ್‌ವೇರ್ ಆ ಪಟ್ಟಿಯಲ್ಲಿ ಹೆಸರಿಸಿ ಬಂದಿಲ್ಲ. 1989ರಲ್ಲಿ ವಾಷಿಂಗ್ಟನ್ನಿನ ನಿರ್ವಸಿತರ ಸಂಘಟನೆಯೊಂದು ಶಿಲ್ಪಿ ಜೇಮ್ಸ್ ಅರ್ಲ್ ರೀಡ್ ಅವರಿಂದ ಮಾಡಿಸಿದ ಪ್ರತಿಮೆಯ ವ್ಯಾಜ್ಯದಲ್ಲಿ, ಕರಾರು ಬರೆಯದೆ ಮಾಡಿಸಿದ್ದ ಆ ಕೆಲಸದಲ್ಲಿ ಶಿಲ್ಪಿ ನೌಕರರಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಹೀಗಾಗಿ ಅಲ್ಲಿನ ವಕೀಲರು ಆ ಸಾಲಿನ ಬೆನ್ನಿಗೇ ನೇರ ವರ್ಗಾವಣೆಯ ಸಾಲನ್ನೂ ಸೇರಿಸುತ್ತಾರೆ. ನಮ್ಮವರನ್ನು ನಿಜವಾಗಿ ಕಟ್ಟುವುದು ಆ ಎರಡನೆಯ ಸಾಲು. ಸಹಿಗೆ ಮೊದಲು ಓದಬೇಕಾದ್ದೂ ಅದನ್ನೇ. ಮುಂದೆ ಬರೆದುಕೊಡಲು ಒಪ್ಪುತ್ತೇನೆ ಎಂದಿದೆಯೋ, ಈಗಲೇ ಬರೆದುಕೊಟ್ಟಿದ್ದೇನೆ ಎಂದಿದೆಯೋ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ರೋಶ್ ಕಂಪನಿಯ ನಡುವಿನ ಎಚ್‌ಐವಿ ಪರೀಕ್ಷೆಯ ಪೇಟೆಂಟ್ ವ್ಯಾಜ್ಯ ತಿರುಗಿದ್ದು ಈ ಕಾಲಭೇದದ ಮೇಲೆಯೇ. ಸಂಶೋಧಕರು ವಿಶ್ವವಿದ್ಯಾಲಯಕ್ಕೆ ಮುಂದಿನ ಭರವಸೆ ಕೊಟ್ಟಿದ್ದರು, ಹೊರಗಿನ ಕಂಪನಿಗೆ ಆಗಿಂದಾಗಲೇ ಬರೆದುಕೊಟ್ಟಿದ್ದರು. 2011ರಲ್ಲಿ ಸ್ಟ್ಯಾನ್‌ಫರ್ಡ್ ಸೋತಿತು.

ಎಲ್ಲ ಬರೆದುಕೊಟ್ಟ ಮೇಲೂ ಕೃತಿಕಾರರ ಬಳಿ ಒಂದು ಉಳಿಯುತ್ತದೆ. ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ ಪ್ರಕಾರ ಇದು ನನ್ನದು ಎಂದು ಹೇಳಿಕೊಳ್ಳುವ ಹಕ್ಕು, ಹೆಸರಿಗೆ ಕುಂದು ಬರುವಂತೆ ವಿರೂಪಗೊಳಿಸಿದರೆ ಎದುರಿಸುವ ಹಕ್ಕು ವರ್ಗಾವಣೆಯ ಆಚೆಗೂ ನಿಲ್ಲುತ್ತವೆ. ದೆಹಲಿಯ ವಿಜ್ಞಾನ ಭವನಕ್ಕೆಂದು ಸರ್ಕಾರವೇ ಮಾಡಿಸಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಲಾಯಿತು. ದೆಹಲಿ ಹೈಕೋರ್ಟ್ 2005ರಲ್ಲಿ ಉಳಿದ ಭಾಗಗಳನ್ನು ಶಿಲ್ಪಿಗೆ ಮರಳಿಸಲು ಮತ್ತು 5 ಲಕ್ಷ ರೂಪಾಯಿ ಪರಿಹಾರ ಕೊಡಲು ಸರ್ಕಾರಕ್ಕೆ ಆದೇಶಿಸಿತು.

ಫ್ರೀಲ್ಯಾನ್ಸ್ ಕೆಲಸ ಮಾಡುವವರು ಕರಾರಿನಲ್ಲಿ ಕೇಳಬೇಕಾದ್ದು ಹೆಚ್ಚೇನಿಲ್ಲ. ಪೂರ್ತಿ ಹಣ ಬಂದ ದಿನ ಹಕ್ಕು ವರ್ಗವಾಗಲಿ, ಅದಕ್ಕೆ ಮೊದಲು ಬೇಡ. ಈ ಒಂದು ಸಾಲು ಇದ್ದರೆ ಬಾಕಿ ಬಿಲ್ಲಿಗಾಗಿ ಬೇಡುವ ಪರಿಸ್ಥಿತಿ ಎಷ್ಟೋ ತಪ್ಪುತ್ತದೆ. ಹಳೆಯ ಸ್ವಂತ ಕೋಡ್ ಅಥವಾ ಚಿತ್ರ ಬಳಸಿದ್ದರೆ ಅದಕ್ಕೆ ಅನುಮತಿ ಮಾತ್ರ ಕೊಡಿ, ಒಡೆತನ ಕೊಡಬೇಡಿ. ಮಾಡಿದ ಕೆಲಸವನ್ನು ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ತೋರಿಸುವ ಹಕ್ಕು ಇಟ್ಟುಕೊಳ್ಳಿ. ಮಾಡಿಸುವವರು ಕೃತಿಯ ವಿವರ, ಕಾಲ, ಪ್ರದೇಶ, ಮೊತ್ತ ಬಿಡಿಸಿ ಬರೆಯಲಿ. ಕೃತಿಸ್ವಾಮ್ಯ, ಪೇಟೆಂಟ್, ವಿನ್ಯಾಸ ಮೂರನ್ನೂ ಹೆಸರಿಸಲಿ, ನೌಕರರ ವಿಷಯದಲ್ಲೂ. ಹಿಂದೆ ಕಾಗದವಿಲ್ಲದೆ ಮಾಡಿಸಿದ್ದಕ್ಕೆ ಈಗಲೂ ದಾರಿ ಇದೆ: ಅಂದಿನ ಕೆಲಸವನ್ನು ಹೆಸರಿಸಿ ಇಂದು ವರ್ಗಾವಣೆ ಪತ್ರ ಮಾಡಿಕೊಳ್ಳಬಹುದು. ಹೂಡಿಕೆ ಬರುವ ವಾರ ಅಂಥ ಪತ್ರ ಹಿಡಿದು ಹಳೆಯ ಡಿಸೈನರ್ ಮನೆಗೆ ಹೋದರೆ, ಅವರು ಅದಕ್ಕೆ ಬೆಲೆ ಕೇಳುತ್ತಾರೆ. ಕೇಳುವುದು ಅವರ ಹಕ್ಕು.